ಕಪ್ಪಿನಡಿಯ ಹಿತ್ತಾಳೆ: ಗಿಲೀಟು ಡಯಲ್‌ಗಳ ಮರುಸೃಷ್ಟಿ

ಹಳೆಯ ಕೈಗಡಿಯಾರಗಳಲ್ಲಿ ಮಿರುಗುವ ಕಪ್ಪು ಮುಖದ ನಡುವೆ ಹೊಂಬಣ್ಣದ ಅಂಕಿ, ಗೆರೆ, ಅಕ್ಷರಗಳು ತೋರುವ ಡಯಲ್‌ಗಳನ್ನು ಸಂಗ್ರಾಹಕರು ಗಿಲೀಟು ಡಯಲ್‌ಗಳೆಂದು ಕರೆಯುತ್ತಾರೆ. 1953ರಲ್ಲಿ ಬಂದ ರೋಲೆಕ್ಸ್ ಸಬ್‌ಮೆರೀನರ್‌ನ ಆರಂಭದ ಡಯಲ್‌ಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಅವುಗಳಲ್ಲಿ ಕಾಣುವ ಹೊಂಬಣ್ಣವು ಕಪ್ಪು ಲೇಪ ಕೂರದಂತೆ ಕಾಯ್ದುಕೊಂಡ ಹಿತ್ತಾಳೆಯದೇ ಆಗಿದ್ದು, ಮರುಸೃಷ್ಟಿಗೆ ಹೊರಡುವ ಹವ್ಯಾಸಿ ಮೊದಲು ಅರಿಯಬೇಕಾದ ಸಂಗತಿಯೂ ಇದೇ.

ಕನ್ನಡಿಯಂತೆ ಉಜ್ಜಿದ ಹಿತ್ತಾಳೆಯ ಬಿಲ್ಲೆಯ ಮೇಲೆ ಅಕ್ಷರಗಳನ್ನು ಪಾರದರ್ಶಕ ವಾರ್ನಿಷಿನಲ್ಲಿ ಅಚ್ಚೊತ್ತಿ, ಬಿಲ್ಲೆಯನ್ನು ಲವಣದ್ರಾವಣದಲ್ಲಿ ಋಣಧ್ರುವಕ್ಕೆ ತೂಗುಹಾಕಿ ವಿದ್ಯುತ್ ಹಾಯಿಸಿದಾಗ, ವಾರ್ನಿಷ್ ವಿದ್ಯುತ್ತನ್ನು ತಡೆಯುವುದರಿಂದ ಉಳಿದ ಭಾಗದಲ್ಲಷ್ಟೇ ಕಪ್ಪು ಪದರ ಕೂರುತ್ತದೆ. ಬಳಿಕ ವಾರ್ನಿಷನ್ನು ತೊಳೆದರೆ ಅಕ್ಷರಗಳು ಹಿತ್ತಾಳೆಯಾಗಿಯೇ ಹೊಳೆಯುತ್ತವೆ. ಕೊನೆಗೆ ಇಡೀ ಮುಖಕ್ಕೆ ತೆಳುವಾದ ಪಾರದರ್ಶಕ ಮೆರುಗು ಕೊಡುತ್ತಾರೆ. ಭೂತಗನ್ನಡಿ ಹಿಡಿದು ನೋಡಿದಾಗ ಇಂಥ ಅಕ್ಷರಗಳು ಕಪ್ಪಿಗಿಂತ ಕೂದಲೆಳೆಯಷ್ಟು ತಗ್ಗಿನಲ್ಲಿರುತ್ತವೆ, ಬಂಗಾರದ ಶಾಯಿಯಲ್ಲಿ ಮುದ್ರಿಸಿದವು ಮೇಲೆ ಉಬ್ಬಿರುತ್ತವೆ.

ಅಚ್ಚೊತ್ತುವ ಯಂತ್ರವಿಲ್ಲದ ಹವ್ಯಾಸಿಗೆ ಎಲೆಕ್ಟ್ರಾನಿಕ್ಸ್ ಸರ್ಕ್ಯೂಟ್ ಬೋರ್ಡ್ ತಯಾರಿಸುವವರ ಉಪಾಯವೊಂದು ಒದಗುತ್ತದೆ. ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಫಿಲ್ಮನ್ನು ಬಿಲ್ಲೆಗೆ ಅಂಟಿಸಿ, ಅಕ್ಷರಗಳು ಮಾತ್ರ ಪಾರದರ್ಶಕವಾಗಿರುವ ನೆಗೆಟಿವ್ ಇಟ್ಟು ನೇರಳಾತೀತ ಬೆಳಕು ಹಾಯಿಸಿ, ವಾಷಿಂಗ್ ಸೋಡಾದ ನೀರಿನಲ್ಲಿ ತೊಳೆದರೆ ಗಟ್ಟಿಯಾಗದ ಭಾಗ ಕರಗಿಹೋಗುತ್ತದೆ. ಕಪ್ಪು ಲೇಪಕ್ಕೆ ನಿಕ್ಕಲ್ ಮತ್ತು ಸತುವಿನ ಲವಣಗಳಿರುವ ದ್ರಾವಣವನ್ನು ಬಳಸಬಹುದು. ಬಿಲ್ಲೆಯ ಮೇಲೆ ಬೆರಳಿನ ಜಿಡ್ಡು ಉಳಿದರೂ ಅಲ್ಲಿ ಲೇಪ ಹಿಡಿಯುವುದಿಲ್ಲವಾದ್ದರಿಂದ, ಈ ಕೆಲಸದ ದೊಡ್ಡ ಪಾಲು ತೊಳೆಯುವುದರಲ್ಲೇ ಕಳೆಯುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಲೋಹಕ್ಕೆ ಲೇಪ ಕೊಡುವ ವಿದ್ಯೆ ಅಪರಿಚಿತವೇನಲ್ಲ; ಗಡಿಯಾಚೆ ಮಹಾರಾಷ್ಟ್ರದಲ್ಲಿ, ನಿಪ್ಪಾಣಿಗೆ ಸಮೀಪದಲ್ಲೇ ಇರುವ ಹುಪರಿ ಬೆಳ್ಳಿಯ ಕಾಲ್ಗೆಜ್ಜೆಗಳಿಗೆ ಹೆಸರಾದ ಊರು. ಆಭರಣದವರ ಗಿಲೀಟು ತೊಟ್ಟಿಗೂ ಡಯಲ್‌ನ ತೊಟ್ಟಿಗೂ ತತ್ತ್ವ ಒಂದೇ. ಆದರೂ ಸಯನೈಡ್ ಬಳಸುವ ಬಂಗಾರದ ಲೇಪಕ್ಕೆ ಮನೆಯಲ್ಲಿ ಕೈಹಾಕಲೇಬಾರದು, ನಿಕ್ಕಲ್ ದ್ರಾವಣವೂ ವಿಷಕಾರಿಯಾದ್ದರಿಂದ ಕೈಗವಸು ಬೇಕು, ಅದನ್ನು ಚರಂಡಿಗೆ ಸುರಿಯಬಾರದು. ಕತ್ತಲಲ್ಲಿ ಹೊಳೆಯಲೆಂದು ಹಳೆಯ ಡಯಲ್‌ಗೆ ಹಚ್ಚಿದ ರೇಡಿಯಂ ಇನ್ನೂ ಅಪಾಯಕಾರಿ: ಅದರ ಅರ್ಧಾಯುಷ್ಯ ಸುಮಾರು 1600 ವರ್ಷ, ಹೊಳಪು ನಂದಿದರೂ ವಿಕಿರಣ ನಿಲ್ಲುವುದಿಲ್ಲ. ಅದನ್ನು ಕೆರೆಯುವ ಸಾಹಸ ಯಾರಿಗೂ ಬೇಡ.

ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ಆ ಗಡಿಯಾರಗಳ ಎಷ್ಟೋ ಮೂಲ ಡಯಲ್‌ಗಳು ಇಂದು ಮರುಬಣ್ಣದ ಅಡಿಯಲ್ಲಿ ಅಳಿಸಿಹೋಗಿರುವುದು ನಿಜಕ್ಕೂ ನೋವಿನ ಸಂಗತಿ. ಕಲೆಬಿದ್ದ ಮೂಲ ಡಯಲ್ ಕೂಡ ತನ್ನ ಕಾಲದ ದಾಖಲೆಯಾದ್ದರಿಂದ ಅದನ್ನು ಉಜ್ಜದೆ ಹಾಗೆಯೇ ಕಾಪಿಟ್ಟು, ಮರುಸೃಷ್ಟಿಗೆ ಹೊಸ ಬಿಲ್ಲೆಯನ್ನೇ ಬಳಸಿ, ಅದರ ಹಿಂಬದಿಯಲ್ಲಿ ಮಾಡಿದವರ ಹೆಸರನ್ನೂ ಇಸವಿಯನ್ನೂ ಕೊರೆಯಬೇಕು.