ಕಲಿಯುವವರ ಮೇಳವೂ ಪತ್ರಿಕೆಗಳ ನೋಟವೂ

ಸಾವಿರಾರು ಜನ ಒಂದೆಡೆ ಕುಳಿತು ಶಾಂತಚಿತ್ತರಾಗಿ ಗ್ರಂಥಾವಲೋಕನ ಮಾಡಿದರೆ ಅದು ಸುದ್ದಿಯಾಗುವುದಿಲ್ಲ; ಇಬ್ಬರು ಹಿರಿಯರು ಮುನಿಸಿಕೊಂಡರೆ ಅದು ಸುದ್ದಿಯಾಗುತ್ತದೆ. ಪತ್ರಿಕಾಲೋಕದ ಈ ಹಳೆಯ ರೂಢಿಯ ಅನುಭವ ಬ್ರಿಟನ್ನಿನ ಯೆಹೂದಿ ಸಮಾಜಕ್ಕೆ 2013ರಲ್ಲಿ ಚೆನ್ನಾಗಿಯೇ ಆಯಿತು. ಆ ಪ್ರಸಂಗವು ಯಾವುದೇ ಸಮಾಜದ ಕುಟುಂಬಗಳು ಒಮ್ಮೆ ಕುಳಿತು ಯೋಚಿಸತಕ್ಕಂಥದು.

‘ಲಿಮ್ಮುದ್’ ಎಂದರೆ ಹೀಬ್ರೂ ಭಾಷೆಯಲ್ಲಿ ಕಲಿಕೆ. ಅಮೆರಿಕದ ಯೆಹೂದಿ ಶಿಕ್ಷಕರು ನಡೆಸುತ್ತಿದ್ದ ಸಮ್ಮೇಳನದಿಂದ ಸ್ಫೂರ್ತಿ ಪಡೆದ ಬ್ರಿಟನ್ನಿನ ಕೆಲವು ಶಿಕ್ಷಣಾಸಕ್ತರು 1980ರಲ್ಲಿ ಈ ಹೆಸರಿನ ಮೇಳವನ್ನು ಆರಂಭಿಸಿದರು. ಸಣ್ಣದಾಗಿ ಆರಂಭವಾದ ಈ ಮೇಳಕ್ಕೆ ಕಾಲಕ್ರಮದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಬರತೊಡಗಿದರು. ಶಾಲೆ, ಕಚೇರಿಗಳಿಗೆ ಬಿಡುವಿರುವ ಡಿಸೆಂಬರ್ ಕೊನೆಯ ವಾರದಲ್ಲಿ ಇದು ನಡೆಯುವುದರಿಂದ ಮಕ್ಕಳು, ತಂದೆತಾಯಿಗಳು, ಅಜ್ಜ ಅಜ್ಜಿಯರು ಒಟ್ಟಾಗಿ ಬರಲು ಸಾಧ್ಯವಾಗುತ್ತದೆ.

ಈ ಮೇಳದ ಜೀವಾಳವೆಂದರೆ ಅದರ ಸರಳ ನಿಯಮ: ಪ್ರತಿಯೊಬ್ಬನೂ ವಿದ್ಯಾರ್ಥಿ, ಪ್ರತಿಯೊಬ್ಬನೂ ಗುರುವಾಗಬಲ್ಲನು. ಎದೆಯ ಮೇಲಿನ ಹೆಸರಿನ ಚೀಟಿಯಲ್ಲಿ ರಬ್ಬಿ, ಡಾಕ್ಟರ್, ಪ್ರೊಫೆಸರ್ ಎಂಬ ಬಿರುದುಗಳಿರುವುದಿಲ್ಲ. ಅಡುಗೆ ಧಾರ್ಮಿಕ ವಿಧಿಗೆ ಒಳಪಟ್ಟೇ ನಡೆಯುತ್ತದೆ. ಕೆಲಸದ ಹೊರೆಯನ್ನು ಬಹುಪಾಲು ಸ್ವಯಂಸೇವಕರೇ ಹೊರುತ್ತಾರೆ. ಅನೇಕ ಪಾಠಗಳು ಏಕಕಾಲಕ್ಕೆ ಬೇರೆ ಬೇರೆ ಕೊಠಡಿಗಳಲ್ಲಿ ಸಾಗುತ್ತವೆ. ಒಂದು ಕಡೆ ತಾಲ್ಮೂದ್ ಗ್ರಂಥದ ಸೂಕ್ಷ್ಮ ವಿಚಾರ, ಇನ್ನೊಂದು ಕಡೆ ಸಂಗೀತ, ಮತ್ತೊಂದು ಕಡೆ ಇತಿಹಾಸ. ಇಬ್ಬರು ಎದುರುಬದುರು ಕುಳಿತು ಒಂದೇ ವಾಕ್ಯವನ್ನು ಓದಿ ವಾದಿಸುತ್ತ ಅರ್ಥವನ್ನು ಹುಡುಕುವ ‘ಹವ್ರುತಾ’ ಎಂಬ ಪ್ರಾಚೀನ ಪದ್ಧತಿಗೂ ಇಲ್ಲಿ ಮನ್ನಣೆಯುಂಟು.

ಆದರೆ ಯೆಹೂದಿ ಸಮಾಜದಲ್ಲಿ ಸಂಪ್ರದಾಯನಿಷ್ಠರೂ ಇದ್ದಾರೆ, ಸುಧಾರಣಾವಾದಿಗಳೂ ಇದ್ದಾರೆ. ಬ್ರಿಟನ್ನಿನ ಮುಖ್ಯ ರಬ್ಬಿಯು ಸಂಪ್ರದಾಯನಿಷ್ಠ ಪಂಗಡದ ಧರ್ಮಾಧಿಕಾರಿ. 1991ರಿಂದ 2013ರವರೆಗೆ ಆ ಪೀಠದಲ್ಲಿದ್ದ ಜೊನಾಥನ್ ಸ್ಯಾಕ್ಸ್ ಅವರು ತಮ್ಮ ಅಧಿಕಾರಾವಧಿಯಲ್ಲಿ ಲಿಮ್ಮುದ್ ಮೇಳಕ್ಕೆ ಹೋಗಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ಅಧಿಕಾರ ವಹಿಸಿಕೊಂಡ ಎಫ್ರಾಯಿಮ್ ಮಿರ್ವಿಸ್ ಅವರು ತಾವು ಹೋಗುವುದಾಗಿ ನಿಶ್ಚಯಿಸಿದರು. ಆಗ ಕೆಲವು ಹಿರಿಯ ಸಂಪ್ರದಾಯನಿಷ್ಠ ಧರ್ಮಪಂಡಿತರು ಬಹಿರಂಗ ಪತ್ರದ ಮೂಲಕ ಮೇಳವನ್ನು ವಿರೋಧಿಸಿದರು. ಭಿನ್ನ ಸಿದ್ಧಾಂತದವರೊಡನೆ ಒಂದೇ ವೇದಿಕೆ ಹಂಚಿಕೊಂಡರೆ ನಿಜವಾದ ಧರ್ಮಕ್ಕೂ ಅವರ ಮತಕ್ಕೂ ಇರುವ ಅಂತರ ಅಳಿಸಿಹೋದೀತೆಂಬುದು ಅವರ ಆತಂಕ.

1841ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಜೂಯಿಷ್ ಕ್ರಾನಿಕಲ್’ ವಾರಪತ್ರಿಕೆಯೂ ಇಸ್ರೇಲಿನ ‘ಹಾರೆಟ್ಜ್’ ಮುಂತಾದ ಪತ್ರಿಕೆಗಳೂ ಈ ವಿವಾದವನ್ನು ಬರೆದವು. ಹಾಗೆ ಬರೆದದ್ದು ತಪ್ಪೆನ್ನಲಾಗದು. 2011ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 2,63,000 ಮಂದಿ ಯೆಹೂದಿಗಳಿದ್ದರು. ಇಷ್ಟು ಚಿಕ್ಕ ಸಮಾಜದಲ್ಲಿ ಯಾರ ಜೊತೆಗೆ ಯಾರು ಕುಳಿತುಕೊಳ್ಳಬಹುದೆಂಬುದು ಅಲ್ಪ ಪ್ರಶ್ನೆಯಲ್ಲ. ಸಮಾಜದ ಮುಂದಾಳುಗಳ ನಡೆಯನ್ನು ತಿಳಿಯುವ ಹಕ್ಕು ಜನರಿಗಿದೆ. ಆದರೆ ವಿವಾದವನ್ನಷ್ಟೇ ಓದಿದ ದೂರದ ಓದುಗನಿಗೆ ಲಿಮ್ಮುದ್ ಎಂದರೆ ಜಗಳದ ಕಣವೆಂದೇ ತೋರೀತು. ಮಗಳಿಗೆ ಶ್ಲೋಕದ ಅರ್ಥ ಬಿಡಿಸಿ ಹೇಳುವ ತಾಯಿ, ತಟ್ಟೆ ಜೋಡಿಸುವ ತರುಣ, ಎಪ್ಪತ್ತರ ವಯಸ್ಸಿನಲ್ಲಿ ಹೀಬ್ರೂ ಅಕ್ಷರ ತಿದ್ದುವ ವೃದ್ಧ — ಇಂಥವರಿಗೆ ಶೀರ್ಷಿಕೆಯಲ್ಲಿ ಸ್ಥಳ ಸಿಗುವುದು ಕಷ್ಟ.

ಆ ಡಿಸೆಂಬರಿನಲ್ಲಿ ಕವೆಂಟ್ರಿಯ ವಾರಿಕ್ ವಿಶ್ವವಿದ್ಯಾಲಯದ ಆವರಣದಲ್ಲಿ ಮೇಳ ಸೇರಿತು. ಮಿರ್ವಿಸ್ ಅವರು ಬಂದರು, ಧರ್ಮಗ್ರಂಥದ ವಿಷಯವಾಗಿ ಪಾಠ ಹೇಳಿದರು. ಅಧಿಕಾರದಲ್ಲಿರುವಾಗಲೇ ಅಲ್ಲಿಗೆ ಬಂದ ಮೊದಲ ಮುಖ್ಯ ರಬ್ಬಿ ಅವರು. ಅದರಿಂದ ಅವರ ನಿಷ್ಠೆಯೇನೂ ಸಡಿಲವಾಗಲಿಲ್ಲ. ವಿರೋಧಿಸಿದವರೂ ತಮ್ಮ ನಿಲುವನ್ನು ಬಿಡಲಿಲ್ಲ. ಮೇಳ ಮಾತ್ರ ಮುಂದುವರಿಯಿತು. ಆ ಹೊತ್ತಿಗಾಗಲೇ ಅದರ ಮಾದರಿ ಅನೇಕ ದೇಶಗಳಿಗೆ ಹಬ್ಬಿತ್ತು. 2020ರ ಮಹಾಮಾರಿಯ ಕಾಲದಲ್ಲಿ ಜನ ಒಂದೆಡೆ ಸೇರಲಾಗದಿದ್ದಾಗ ಪಾಠಗಳು ಅಂತರಜಾಲದ ಮೂಲಕ ನಡೆದವು.

ವಾಚಕ ಬಂಧುಗಳೇ, ಭಿನ್ನಾಭಿಪ್ರಾಯವಿಲ್ಲದ ಸಮಾಜವಿಲ್ಲ. ಅದನ್ನು ಬಚ್ಚಿಡಬೇಕಾಗಿಲ್ಲ, ಹಬ್ಬವಾಗಿಸಬೇಕಾಗಿಯೂ ಇಲ್ಲ. ಯಾವುದೇ ಸಮಾಜದ ಬಗೆಗೆ ವರದಿಯನ್ನು ಓದುವಾಗ, ಇಲ್ಲಿ ಜಗಳವಾಡಿದವರು ಎಷ್ಟು ಮಂದಿ, ಸುಮ್ಮನೆ ಕುಳಿತು ಕಲಿತವರು ಎಷ್ಟು ಮಂದಿ ಎಂದು ಒಮ್ಮೆ ಕೇಳಿಕೊಳ್ಳೋಣ. ಆ ಎರಡನೆಯವರ ಲೆಕ್ಕವೇ ಸಮಾಜದ ನಿಜವಾದ ಬಾಳು.