ಬಿಲ್ ಝೀರೋ ಆತು, ಮೀಟರ್ ಯಾಕ ಝೀರೋ ಆಗ್ಲಿಲ್ಲ?

"ತಮ್ಮಾ, ಬಿಲ್ಲಿನಾಗ ಝೀರೋ ಬಂದದ. ಮೀಟರ್ ಮಾತ್ರ ಝೀರೋ ಆಗೇ ಇಲ್ಲಲ್ಲೋ. ಮುಂದ ಒಮ್ಮೆಲೆ ಎಲ್ಲಾ ಕೂಡಿಸಿ ವಸೂಲಿ ಮಾಡ್ತಾರೇನು?"

ಅಫಜಲಪುರ ತಾಲೂಕಿನ ಹಳ್ಳಿಯಿಂದ ನಮ್ಮ ಅತ್ತಿ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ನಮ್ಮ ಕಲಬುರಗಿಯಲ್ಲೇ ಚಾಲನೆ ಕೊಟ್ಟಿದ್ದರು. ಅದಾದ ಮೇಲೆ ಮೊದಲ ಶೂನ್ಯ ಬಿಲ್ ಕೈಗೆ ಬಂದಾಗ ಅತ್ತಿಗೆ ಖುಷಿಗಿಂತ ಸಂಶಯವೇ ಜಾಸ್ತಿ ಆಗಿತ್ತು. ನಾನು ಬೆಂಗಳೂರಿನ ಆಫೀಸಿನಲ್ಲಿ ಕೂತು ನಕ್ಕುಬಿಟ್ಟೆ. ಆಮೇಲೆ ನಗಬಾರದಿತ್ತು ಅನ್ನಿಸಿತು. ಯಾಕೆಂದರೆ ಮೀಟರಿನ ಇದೇ ಝೀರೋ ಒಂದು ಸಲ ನಮ್ಮ ಮನೆತನದ ಮರ್ಯಾದೆಗೇ ಬಂದಿತ್ತು.

ನಮ್ಮೂರು ಆಳಂದ ತಾಲೂಕಿನಲ್ಲಿ. ನಮ್ಮ ಕಾಕಾ ಜೇವರ್ಗಿ ಕಡೆ ಹಿಟ್ಟಿನ ಗಿರಣಿ ಹಾಕಿಕೊಂಡು ಅಲ್ಲೇ ನೆಲೆನಿಂತವರು. ಅತ್ತಿಯನ್ನು ಕೊಟ್ಟಿದ್ದು ಅಫಜಲಪುರ ತಾಲೂಕಿಗೆ, ಭೀಮಾ ದಂಡಿಯ ಊರಿಗೆ. ಹೀಗೆ ಒಂದೇ ಜಿಲ್ಲೆಯ ಮೂರು ತಾಲೂಕಿನಲ್ಲಿ ನಮ್ಮ ಬಳಗ. ನಾನಾಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ರಜೆ ಬಂದರೆ ಕಾಕಾನ ಗಿರಣಿಯಲ್ಲೇ ಠಿಕಾಣಿ.

ಗಿರಣಿಯ ಗೋಡೆಗೆ ಹಳೇ ಕಾಲದ ಮೀಟರ್ ಇತ್ತು. ಗಾಜಿನ ಹಿಂದೆ ಅಲ್ಯೂಮಿನಿಯಂ ತಟ್ಟೆ, ಅದರ ಅಂಚಿಗೊಂದು ಗುರುತು, ಮೇಲೆ ಅಂಕಿ ಬರೆದ ಐದು ಗಾಲಿ. ಮೂವತ್ತು ದಾಟಿದವರೆಲ್ಲ ಇಂಥ ಮೀಟರ್ ನೋಡಿಯೇ ಬೆಳೆದಿದ್ದೀರಿ. ಆ ತಿಂಗಳು ಗಿರಣಿ ಮೀಟರಿನ ಅಂಕಿ 99 ಸಾವಿರ ದಾಟಿತ್ತು. ರೀಡಿಂಗ್ ಬರೆಯಲು ಬಂದವರು ಮೊದಲೇ ಹೇಳಿ ಹೋಗಿದ್ದರು: "ಕಾಕಾರ, ಈ ತಿಂಗಳದಾಗ ನಿಮ್ಮ ಮೀಟರ್ ತಿರುಗಿ ಝೀರೋಕ್ಕ ಬರ್ತದ. ಗಾಬರಿ ಆಗ್ಬ್ಯಾಡ್ರಿ, ಡಯಲ್ ಓವರ್ ಅಂತ ಬರ್ಕೊತೀವಿ."

ನನಗೆ ಅದನ್ನು ಕಣ್ಣಾರೆ ನೋಡುವ ಹುಚ್ಚು. 99,998 ಆದಾಗಿನಿಂದ ಸ್ಟೂಲ್ ಹಾಕಿಕೊಂಡು ಕೂತೆ. ಜೋಳದ ಹಿಟ್ಟಿನ ಧೂಳು ತಲೆ ತುಂಬಾ. ಕೊನೆಯ ಗಾಲಿಯ ಒಂಬತ್ತು ಮೆಲ್ಲಗೆ ಮೇಲೇರತೊಡಗಿದಂತೆ ಉಳಿದ ನಾಲ್ಕು ಒಂಬತ್ತುಗಳೂ ಅದರ ಜೊತೆಗೇ ಎದ್ದವು. ಐದೂ ಒಟ್ಟಿಗೆ ಹೊರಳಿ 00000. ಡಬ್ಬಿ ಹಿಡಿದು ನಿಂತಿದ್ದ ಹೆಣ್ಣುಮಕ್ಕಳೂ ನೋಡಿದರು. "ಅಯ್ಯ, ಮೀಟರ್ ಮತ್ತ ಹುಟ್ಟಿ ಬಂತ ನೋಡವ್ವಾ" ಅಂದಳು ಒಬ್ಬ ಮುದುಕಿ. ಎಲ್ಲರೂ ನಕ್ಕರು. ಆ ನಗುವೇ ಮುಂದೆ ದುಬಾರಿ ಆಯಿತು.

ಸ್ವಲ್ಪ ಲೆಕ್ಕ ಹೇಳಿಬಿಡುತ್ತೇನೆ. ಪ್ರತಿ ಗಾಲಿಗೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿ. ಒಂದು ಗಾಲಿ ಪೂರ್ತಿ ಸುತ್ತಿದರೆ ಎಡಗಡೆಯದು ಒಂದು ಮನೆ ಮುಂದೆ ಹೋಗುತ್ತದೆ. ಐದು ಗಾಲಿ ಇದ್ದರೆ ಒಂದು ಲಕ್ಷ ಯೂನಿಟ್ಟಿಗೆ ಒಮ್ಮೆ ಸೊನ್ನೆ. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಯಲ್ಲಿ ಅದಕ್ಕೆ 83 ವರ್ಷ ಬೇಕು, ಅಂದರೆ ಯಾರೂ ನೋಡುವುದಿಲ್ಲ. ತಿಂಗಳಿಗೆ ಸಾವಿರ ಯೂನಿಟ್ ಎಳೆಯುವ ಗಿರಣಿಯಲ್ಲಿ ಎಂಟು ವರ್ಷ ಚಿಲ್ಲರೆಗೆ ಬರುತ್ತದೆ. ನಾನೀಗ ಮಾಡುವ ಸಾಫ್ಟ್‌ವೇರ್ ಕೆಲಸದಲ್ಲಿ ಇದಕ್ಕೆ ಓವರ್‌ಫ್ಲೋ ಅನ್ನುತ್ತೇವೆ. ಅಲ್ಲೂ ದೊಡ್ಡ ದೊಡ್ಡವರು ಎಡವಿದ್ದಾರೆ: ಬೋಯಿಂಗ್ 787 ವಿಮಾನವನ್ನು 248 ದಿನ ಆಫ್ ಮಾಡದೆ ಹಾಗೇ ಬಿಟ್ಟರೆ ಜನರೇಟರ್ ನಿಯಂತ್ರಿಸುವ ಕಂಪ್ಯೂಟರಿನ ಎಣಿಕೆ ತುಂಬಿ ವಿದ್ಯುತ್ತೇ ಹೋಗಬಹುದು ಎಂದು 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಎಚ್ಚರಿಕೆ ಕೊಡಬೇಕಾಯಿತು. ನಮ್ಮ ಗಿರಣಿ ಮೀಟರ್ ವಾಸಿ. ಸೊನ್ನೆ ಆಯಿತು, ಸುಮ್ಮನೆ ಮುಂದೆ ಹೋಯಿತು.

ಬಿಲ್ಲೂ ಸರಿಯಾಗೇ ಬಂತು. ಹಿಂದಿನ ರೀಡಿಂಗ್ 99,640. ಈಗಿನದು 515. ಲಕ್ಷ ತುಂಬಲು 360, ಆಮೇಲೆ 515, ಒಟ್ಟು 875 ಯೂನಿಟ್. ಕಾಕಾ ದುಡ್ಡು ಕಟ್ಟಿ, ರಸೀದಿಯನ್ನು ಎಂದಿನಂತೆ ತಂತಿಗೆ ಚುಚ್ಚಿಟ್ಟರು.

ಆದರೆ ಊರಲ್ಲಿ ಸುದ್ದಿ ಬೇರೆಯೇ ಆಗಿತ್ತು. "ಗಿರಣಿ ಕಾಕಾ ಮೀಟರ್ ಝೀರೋ ಮಾಡಿಸ್ಯಾನ." ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಇದೇ ಮಾತು. ಅದನ್ನು ಒಬ್ಬ ಬಂಡವಾಳ ಮಾಡಿಕೊಂಡ. ಹಳ್ಳಿ ಹಳ್ಳಿ ತಿರುಗಿ "ನಿಮ್ಮ ಮೀಟರ್ ಝೀರೋ ಮಾಡಿ ಕೊಡ್ತೀನಿ, ಎರಡು ಸಾವಿರ ಕೊಡ್ರಿ. ಜೇವರ್ಗಿ ಕಡೆ ಒಂದು ಗಿರಣಿದು ನಾನೇ ಮಾಡೀನಿ, ಬೇಕಂದ್ರ ಹೋಗಿ ನೋಡಿ ಬರ್ರಿ" ಅಂತ ಹೇಳುತ್ತಿದ್ದನಂತೆ. ಹೋಗಿ ನೋಡಿದವರಿಗೆ ಮೀಟರಿನಲ್ಲಿ ನಿಜವಾಗಿಯೂ ಸೊನ್ನೆಗಳೇ ಕಾಣುತ್ತಿದ್ದವು! ಅವನ ಕೈ ಆ ಗಿರಣಿಯ ಬಾಗಿಲಿಗೂ ತಾಕಿರಲಿಲ್ಲ.

ಅಫಜಲಪುರದ ಕಡೆ ನಮ್ಮ ಮಾವ, ಅಂದರೆ ಅತ್ತಿಯ ಯಜಮಾನರು, ಅವನಿಗೆ ಐದುನೂರು ಅಡ್ವಾನ್ಸ್ ಕೊಟ್ಟಿದ್ದರು. ಗಿರಣಿಯ ಊರಿನ ಹೆಸರು ಕೇಳಿದಾಗ ಅತ್ತಿಗೆ ಎದೆ ಧಸಕ್ ಅಂದಿತು. ರಾತ್ರಿ ಕಾಕಾನಿಗೆ ಫೋನ್ ಬಂತು. ನಾನು ಪಕ್ಕದಲ್ಲೇ ಇದ್ದೆ.

"ಏನೋ, ನೀನೂ ಕಳ್ಳತನಕ್ಕ ಇಳದಿಯೇನು? ನಮ್ಮಪ್ಪನ ಹೆಸರು ಹೇಳ್ಕೊಂಡು ತಿರಗೂದು ಹ್ಯಾಂಗ ನಾನು?"

ಕಾಕಾ ಏನೂ ಮಾತಾಡಲಿಲ್ಲ. ತಾಟಿನಲ್ಲಿ ರೊಟ್ಟಿ ಹಾಗೇ ಇತ್ತು, ಎದ್ದು ಹೋಗಿ ಗಿರಣಿ ಕಟ್ಟೆಯ ಮೇಲೆ ಮಲಗಿದರು. ಎಂಟ್ಹತ್ತು ವರ್ಷ ಒಂದು ತಿಂಗಳೂ ಬಾಕಿ ಉಳಿಸದೆ ಬಿಲ್ ಕಟ್ಟಿದ ಮನುಷ್ಯ ಅವರು.

ಮರುದಿನ ಬೆಳಿಗ್ಗೆ ಬಿಲ್ಲಿನ ತಂತಿಯನ್ನೇ ಚೀಲಕ್ಕೆ ಹಾಕಿಕೊಂಡು ಇಬ್ಬರೂ ಬಸ್ ಹತ್ತಿದೆವು. ಕಲಬುರಗಿಯಲ್ಲಿ ಇಳಿದು ಅಫಜಲಪುರ ಬಸ್. ಅತ್ತಿ ಮನೆ ಕಟ್ಟೆಯ ಮೇಲೆ ನಾಲ್ಕು ಜನ ಕೂಡಿದರು. "ನೀ ಓದಾಂವ, ನೀನೇ ಹೇಳು" ಅಂದರು ಕಾಕಾ.

ನಾನು ಬಿಲ್ಲುಗಳನ್ನು ಒಂದೊಂದಾಗಿ ಹಾಸಿದೆ. ಸೊನ್ನೆ ಆಗುವ ಮೊದಲಿನ ತಿಂಗಳು 860, ಅದರ ಹಿಂದೆ 905. ಸೊನ್ನೆ ಆದ ತಿಂಗಳು 875. "ಇದರಾಗ ಕಾಕಾಗ ಉಳಿದದ್ದು ಎಷ್ಟು ನೀವೇ ಹೇಳ್ರಿ. ಕಳವು ಮಾಡಿದ್ರ ಬಿಲ್ ಕಡಿಮಿ ಬರಬೇಕಿತ್ತಲ್ಲ?" ಕಟ್ಟೆಯ ಮೇಲೆ ಕೂತ ಒಬ್ಬ ಹಿರಿಯರು ಮೂರೂ ಕಾಗದ ಎರಡು ಸಲ ತಿರುಗಿಸಿ ನೋಡಿ, ಅತ್ತಿಯ ಕಡೆ ನೋಡಿ, "ಬರೋಬರಿ ಅದ ಯವ್ವಾ" ಅಂದರು. ಅತ್ತಿ ಒಳಗೆ ಹೋಗಿ ಚಹಾ ತಂದಳು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಚಹಾಕ್ಕೆ ಸಕ್ಕರೆ ಮಾತ್ರ ಬಹಳ ಆಗಿತ್ತು.

ಮಾವನ ಐದುನೂರು ಹೋಯಿತು, ಆ ಮನುಷ್ಯ ಮತ್ತೆ ಆ ಕಡೆ ಬರಲಿಲ್ಲ. ಆದರೆ ಅದೇ ಓಣಿಯ ಇನ್ನೊಂದು ಮನೆಯಲ್ಲಿ ಅವನು ಆಗಲೇ ಸೀಲ್ ಕಿತ್ತು ಅಂಕಿ ಹಿಂದಕ್ಕೆ ಸರಿಸಿ ಹೋಗಿದ್ದ. ಮುಂದಿನ ತಿಂಗಳೇ ಸಿಕ್ಕಿಬಿತ್ತು. ಹೇಗೆ ಸಿಗದೇ ಇರುತ್ತದೆ ಹೇಳಿ? ಹೋದ ತಿಂಗಳ ರೀಡಿಂಗ್ ನಿಮ್ಮ ಮೀಟರಿನಲ್ಲಿ ಅಷ್ಟೇ ಅಲ್ಲ, ಕಚೇರಿಯ ಲೆಕ್ಕದಲ್ಲೂ ಇರುತ್ತದೆ, ನಿಮ್ಮ ಕೈಯಲ್ಲಿರುವ ಬಿಲ್ಲಿನಲ್ಲೂ ಇರುತ್ತದೆ. ಉದಾಹರಣೆಗೆ ಹಿಂದಿನದು 4,210 ಇದ್ದು ಈಗ 300 ಇದ್ದರೆ ಏನರ್ಥ? ಮೀಟರ್ ತಾನಾಗಿಯೇ ಸುತ್ತಿ ಬಂದಿದೆ ಅನ್ನಬೇಕಾದರೆ ಆ ಮನೆಯವರು ಒಂದೇ ತಿಂಗಳಲ್ಲಿ 96,090 ಯೂನಿಟ್ ಉರಿಸಿರಬೇಕು. ಮೀಟರ್ ಬದಲಾಗಿಲ್ಲ, ರೀಡಿಂಗ್ ಬರೆದದ್ದು ತಪ್ಪಿಲ್ಲ ಅಂದಮೇಲೆ ಯಾರೋ ಕೈ ಹಾಕಿದ್ದಾರೆ ಅಂತಲೇ.

ಕಾನೂನು ಇದರಲ್ಲಿ ಬಹಳ ಬಿರುಸು. 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಲ್ಲಿ ಮೀಟರ್ ಕೆಡಿಸುವುದೂ ಕಂಬಕ್ಕೆ ಕೊಕ್ಕೆ ಹಾಕುವುದೂ ಒಂದೇ ಸಾಲಿನ ಕಳ್ಳತನ. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮನೆಯಂಥ ಸಣ್ಣ ಸಂಪರ್ಕಕ್ಕೆ ಮೊದಲ ಸಲದ ದಂಡವೇ ಕಳವಿನಿಂದ ಆದ ಲಾಭದ ಮೂರು ಪಟ್ಟಿಗೆ ಕಡಿಮೆ ಇರುವಂತಿಲ್ಲ. ಅದರ ಮೇಲೆ ನಷ್ಟ ಭರ್ತಿ ಬೇರೆ: ಕಳವು ಯಾವತ್ತಿನಿಂದ ನಡೆದಿದೆ ಅಂತ ಖಚಿತ ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ, ಅದೂ ದರದ ಎರಡು ಪಟ್ಟಿಗೆ ಕಡಿಮೆ ಇಲ್ಲದಂತೆ. ಆ ಮನೆಯವರು ಎಮ್ಮೆ ಮಾರಿ ದುಡ್ಡು ಕಟ್ಟಿದರು. ಎರಡು ಸಾವಿರ ತಗೊಂಡವನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಮೀಟರ್ ಇದ್ದದ್ದು ಮನೆಯವರ ಹೆಸರಲ್ಲಿ.

ಈಗ ಅತ್ತಿಯ ಪ್ರಶ್ನೆಗೆ ಬರುತ್ತೇನೆ. ಮೀಟರಿನ ಅಂಕಿ ಸಾಲದ ಮೊತ್ತ ಅಲ್ಲ. ಈವರೆಗೆ ಎಷ್ಟು ಉರಿದಿದೆ ಅನ್ನುವ ಎಣಿಕೆ ಅಷ್ಟೇ. ಬಿಲ್ ಆಗುವುದು ಈ ತಿಂಗಳ ಅಂಕಿ ಮತ್ತು ಹೋದ ತಿಂಗಳ ಅಂಕಿಯ ನಡುವಿನ ಅಂತರಕ್ಕೆ. ಗೃಹಜ್ಯೋತಿಯಲ್ಲಿ ನಿಮ್ಮ 2022–23ರ ತಿಂಗಳ ಸರಾಸರಿ ನೋಡಿ, ಅದರ ಮೇಲೆ ಶೇಕಡಾ 10 ಸೇರಿಸಿ ಅಷ್ಟು ಯೂನಿಟ್ ಉಚಿತ ಅಂತ ಗೊತ್ತುಮಾಡಿದರು. ಅದಕ್ಕಿಂತ ಹೆಚ್ಚು ಉರಿಸಿದರೆ ಹೆಚ್ಚಾದಷ್ಟಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಅಂದರೆ ಉಚಿತ ಕೊಡಲಿಕ್ಕೂ ಮೀಟರಿನ ಅಂಕಿ ಬೇಕೇ ಬೇಕು. ಅದು ಸೊನ್ನೆ ಆದರೆ ಯಾವುದರಿಂದ ಕಳೆಯುವುದು?

ಈ ತಟ್ಟೆ ಮೀಟರಿನ ಬುದ್ಧಿಗೆ ನಾನಂತೂ ಮಾರುಹೋಗಿದ್ದೇನೆ. ಎಡಿಸನ್ ಕಾಲದಲ್ಲಿ ಮೀಟರ್ ಅಂದರೆ ದ್ರಾವಣದೊಳಗೆ ಮುಳುಗಿಸಿಟ್ಟ ಸತುವಿನ ಫಲಕ, ತಿಂಗಳಿಗೊಮ್ಮೆ ಅದನ್ನು ತೂಗಿ ಬಿಲ್ ಮಾಡುತ್ತಿದ್ದರು. ಗಿರಾಕಿಗೆ ಏನೂ ತಿಳಿಯುತ್ತಿರಲಿಲ್ಲ. 1889ರಲ್ಲಿ ಹಂಗೇರಿಯ ಒಟ್ಟೊ ಬ್ಲಾಥಿ ತಿರುಗುವ ತಟ್ಟೆಯ ಮೀಟರಿಗೆ ಪೇಟೆಂಟ್ ಪಡೆದ ಮೇಲೆ ಲೆಕ್ಕ ಎಲ್ಲರ ಕಣ್ಣೆದುರಿಗೆ ಬಂತು. ನಿಮ್ಮಲ್ಲಿ ಇನ್ನೂ ಅಂಥ ಮೀಟರ್ ಇದ್ದರೆ ಅದರ ಮೇಲೆ ಬರೆದದ್ದು ನೋಡಿ. ಒಂದು ಯೂನಿಟ್ಟಿಗೆ 600 ಸುತ್ತು ಅಂತಿದ್ದರೆ, ನೂರು ವಾಟಿನ ಬಲ್ಬ್ ಒಂದನ್ನೇ ಹಚ್ಚಿ ಗಡಿಯಾರ ಹಿಡಿದು ನಿಲ್ಲಿ. ತಟ್ಟೆ ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ಹೊಡೆಯಬೇಕು. ಬಹಳ ಓಡಿದರೆ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ. ಮನೆಯ ಎಲ್ಲಾ ಸ್ವಿಚ್ ಆರಿಸಿ, ಮೇನ್ ಸ್ವಿಚ್ ಮಾತ್ರ ಹಾಕಿಟ್ಟಾಗಲೂ ತಟ್ಟೆ ತಿರುಗುತ್ತಿದ್ದರೆ ಎಲ್ಲೋ ವೈರ್ ಸೋರುತ್ತಿದೆ ಅಂತ. ಅತ್ತಿ ಮನೆಯ ಬಿಲ್ ಜಾಸ್ತಿ ಬರುತ್ತಿದ್ದದ್ದಕ್ಕೆ ಕಾರಣ ಇದೇ ಆಗಿತ್ತು. ಬಚ್ಚಲ ಗೋಡೆಯೊಳಗಿನ ಹಳೇ ವೈರ್, ಗೋಡೆ ಸದಾ ಹಸಿ. ಅಂದು ಚಹಾ ಕುಡಿದ ಮೇಲೆ ನೋಡಿದಾಗ ಗೊತ್ತಾಯಿತು. ಮಾವ ಆ ಐದುನೂರನ್ನು ವೈರ್‌ಮನ್‌ಗೆ ಕೊಟ್ಟಿದ್ದರೆ ಸಾಕಿತ್ತು.

ಕೊನೆಯ ಗಾಲಿ ಕೆಂಪು ಇದ್ದರೆ ಅದು ಯೂನಿಟ್ಟಿನ ಹತ್ತನೇ ಭಾಗ, ಅದನ್ನು ಸೇರಿಸಿ ಓದಬಾರದು. ಓದಿದರೆ ಬಿಲ್ ಹತ್ತು ಪಟ್ಟು!

ಮೀಟರಿನಲ್ಲಿ ಸೊನ್ನೆ ಅಥವಾ ಅದರ ಹತ್ತಿರದ ಅಂಕಿ ಕಾಣಬೇಕಾದ ದಿನ ಇನ್ನೊಂದಿದೆ, ಹೊಸ ಮೀಟರ್ ಕೂರಿಸುವ ದಿನ. ಆವತ್ತು ಹಳೇ ಮೀಟರ್ ಬಿಚ್ಚುವ ಮುಂಚೆ ಅದರ ಕೊನೆಯ ಅಂಕಿಯನ್ನೂ ಹೊಸದರ ಮೊದಲ ಅಂಕಿಯನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಆ ತಿಂಗಳ ಬಿಲ್ ಎರಡೂ ಮೀಟರಿನ ಅಂತರ ಕೂಡಿಸಿ ಬರುತ್ತದೆ. ಹಳೇ ಮೀಟರ್ ಹೋದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವ ಪುರಾವೆ ಆ ಫೋಟೋ ಒಂದೇ.

ಕಾಕಾನ ಗಿರಣಿಯಲ್ಲೂ ಈಗ ಇಲೆಕ್ಟ್ರಾನಿಕ್ ಮೀಟರ್ ಬಂದಿದೆ. ತಟ್ಟೆ ಇಲ್ಲ, ಕೆಂಪು ದೀಪ ಮಿಣುಕುತ್ತದೆ. ಬದಲಿಸಿದ ದಿನ ಕಾಕಾ ಫೋಟೋ ಹೊಡೆಯಲಿಲ್ಲ. ಹಳೇ ಅಂಕಿಯನ್ನು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಬರೆದರು, ಹಿಟ್ಟಿಗೆ ಬಂದವರೆಲ್ಲ ನೋಡಲಿ ಅಂತ. ಆಮೇಲೆ ಎರಡು ಸಲ ಸುಣ್ಣ ಹೊಡೆದಿದ್ದಾರೆ, ಆ ಅಂಕಿಯನ್ನು ಮಾತ್ರ ಬಿಟ್ಟು.

ಅತ್ತಿಗೆ ಇಷ್ಟೆಲ್ಲ ಫೋನಿನಲ್ಲಿ ಹೇಳಿದೆ. "ಹಂಗಾದ್ರ ಪ್ರತಿ ತಿಂಗಳ ನಾನೇ ಬರ್ದಿಡ್ತೀನಿ ತಗೋ" ಅಂದಳು. ಈಗ ಕ್ಯಾಲೆಂಡರಿನಲ್ಲಿ ಅಮವಾಸ್ಯೆ, ಹಾಲಿನ ಲೆಕ್ಕದ ಜೊತೆಗೆ ಮೀಟರಿನ ಅಂಕಿಯೂ ಇರುತ್ತದೆ. ಮೊನ್ನೆ ಫೋಟೋ ಕಳಿಸಿದ್ದಳು. ಹೋದ ತಿಂಗಳಿಗಿಂತ 61 ಹೆಚ್ಚು.