ಮನೆಯಲ್ಲೇ ಹಳೇ ಜಾವಾ, ಯೆಜ್ಡಿಗೆ ಮರುಜೀವ: ಸ್ಪ್ಯಾನರ್ ಹಿಡಿಯುವ ಮುನ್ನ ತಿಳಿಯಬೇಕಾದ್ದೇನು?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಆದರೆ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕ್‌ಗಳು ಇಂದಿಗೂ ದೇಶದ ನಾನಾ ಕಡೆ ಮನೆಯ ಹಿತ್ತಲಲ್ಲಿ, ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನ ಮೂಲೆಯಲ್ಲಿ ಧೂಳು ಹೊದ್ದು ನಿಂತಿವೆ. ಅಪ್ಪನೋ ಅಜ್ಜನೋ ಓಡಿಸುತ್ತಿದ್ದ ಗಾಡಿಯನ್ನು ಮತ್ತೆ ರಸ್ತೆಗಿಳಿಸಬೇಕೆಂಬ ಆಸೆ ಹಲವರಿಗಿದೆ. ತಾಳ್ಮೆ ಮತ್ತು ಸಾಮಾನ್ಯ ಉಪಕರಣಗಳಿದ್ದರೆ ಇದರ ಹೆಚ್ಚಿನ ಕೆಲಸ ಮನೆಯಲ್ಲೇ ಸಾಧ್ಯ. ಆದರೆ ಟು-ಸ್ಟ್ರೋಕ್ ಎಂಜಿನ್‌ನ ಗುಣ ಅರಿಯದೆ ಕೈ ಹಾಕಿದರೆ ಹಣದ ಜೊತೆಗೆ ಪ್ರಾಣಕ್ಕೂ ಕುತ್ತು ಬರಬಹುದು.

ಮೈಸೂರಿನ ನಂಟು

ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಪರವಾನಗಿ ಪಡೆದು ಐಡಿಯಲ್ ಜಾವಾ 1961ರಲ್ಲಿ ಮೈಸೂರಿನಲ್ಲಿ ತಯಾರಿಕೆ ಆರಂಭಿಸಿತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಬೈಕ್‌ಗಳು ಯೆಜ್ಡಿ ಹೆಸರಿನಲ್ಲಿ ಹೊರಬಂದವು. 250 ಸಿಸಿ ವರ್ಗದ ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರ್‌ಗೆ ಒಂದೇ ಲಿವರ್. ಈ ಎರಡು ಗುರುತುಗಳಿಂದಲೇ ಜನ ಇವನ್ನು ದೂರದಿಂದ ಗುರುತಿಸುತ್ತಿದ್ದರು. ಇದೇ ಹೆಸರುಗಳಲ್ಲಿ 2018 ಮತ್ತು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಬೈಕ್‌ಗಳು ಫೋರ್-ಸ್ಟ್ರೋಕ್. ಹಾಗಾಗಿ ಅವುಗಳ ಎಂಜಿನ್ ಬಿಡಿಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ.

ಮೊದಲು ಆರ್‌ಸಿ, ಆಮೇಲೆ ಸ್ಪ್ಯಾನರ್

ಎಂಜಿನ್ ನಂಬರ್ ಮತ್ತು ಚಾಸಿ ನಂಬರ್ ಆರ್‌ಸಿಯಲ್ಲಿರುವುದಕ್ಕೆ ಹೊಂದುತ್ತವೆಯೇ ಎಂದು ನೋಡುವುದೇ ಮೊದಲ ಕೆಲಸ. ಹೊಂದದಿದ್ದರೆ ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಗಾಡಿ ರಸ್ತೆಗಿಳಿಯುವುದು ಕಷ್ಟ. ಪಾಲಿಶ್ ಅಥವಾ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸುವಾಗ ಈ ನಂಬರ್‌ಗಳು ಅಳಿಸಿಹೋಗದಂತೆ ಆ ಜಾಗವನ್ನು ಟೇಪ್ ಸುತ್ತಿ ಕಾಯ್ದುಕೊಳ್ಳಬೇಕು.

ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಅವಧಿ ಇರುತ್ತದೆ. ನಂತರ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಊರಿನಲ್ಲಿದ್ದ ಗಾಡಿಯನ್ನು ಮುಂಬೈಗೋ ಚೆನ್ನೈಗೋ ತಂದು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಾದರೆ ಮೂಲ ಆರ್‌ಟಿಒದಿಂದ ಎನ್‌ಒಸಿ ಪಡೆದು ಹೊಸ ರಾಜ್ಯದ ನಂಬರ್ ಪಡೆಯಬೇಕಾಗುತ್ತದೆ. ದೆಹಲಿ ಮತ್ತು ಸುತ್ತಲಿನ ಎನ್‌ಸಿಆರ್ ಪ್ರದೇಶದಲ್ಲಿ ಹಳೆಯ ಪೆಟ್ರೋಲ್ ವಾಹನಗಳ ಮೇಲೆ ನ್ಯಾಯಾಲಯದ ಆದೇಶಗಳಿರುವುದರಿಂದ, ಅಲ್ಲಿನವರು ಸದ್ಯದ ನಿಯಮ ವಿಚಾರಿಸಿಯೇ ಮುಂದುವರಿಯುವುದು ಒಳ್ಳೆಯದು.

50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂ., ಅವಧಿ 10 ವರ್ಷ. ಆದರೆ ಈ ‘ವಿಎ’ ನಂಬರ್ ಪಡೆದ ಗಾಡಿಯಲ್ಲಿ ದಿನವೂ ಆಫೀಸಿಗೆ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವಿಕೆಯಂಥ ಕೆಲಸಗಳಿಗೆ ಮಾತ್ರ ಅವಕಾಶ.

ಈ ಎಂಜಿನ್ ಹೇಗೆ ಬೇರೆ?

ಈಗಿನ ಬೈಕ್‌ಗಳಲ್ಲಿ ಎಂಜಿನ್ ಆಯಿಲ್ ಕೆಳಗೆ ನಿಂತು ಮೇಲಕ್ಕೆ ಪಂಪ್ ಆಗುತ್ತದೆ. ಹಳೆಯ ಜಾವಾದಲ್ಲಿ ಹಾಗಿಲ್ಲ. ಪೆಟ್ರೋಲ್‌ಗೆ ಬೆರೆಸಿದ ಎಣ್ಣೆಯೇ ಪಿಸ್ಟನ್, ಬೋರ್, ಕ್ರ್ಯಾಂಕ್ ಬೇರಿಂಗ್‌ಗಳನ್ನು ಒದ್ದೆಯಾಗಿಟ್ಟು ಕೊನೆಗೆ ಉರಿದುಹೋಗುತ್ತದೆ. ಸೈಲೆನ್ಸರ್‌ನಿಂದ ಬರುವ ನೀಲಿ ಹೊಗೆಗೆ ಇದೇ ಕಾರಣ. ಗೇರ್‌ಬಾಕ್ಸ್‌ಗೆ ಮಾತ್ರ ಬೇರೆ ಎಣ್ಣೆ ಇರುತ್ತದೆ.

ವಾಲ್ವ್‌ಗಳೂ ಇಲ್ಲ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್‌ಕೇಸ್ ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕೆಳಗಿಳಿಯುವಾಗ ಅದನ್ನು ಒತ್ತಿ ಮೇಲಕ್ಕೆ ಕಳಿಸುತ್ತದೆ. ಅಂದರೆ ಕ್ರ್ಯಾಂಕ್‌ಕೇಸ್ ಇಲ್ಲಿ ಪಂಪ್ ಇದ್ದಂತೆ. ಅದರಲ್ಲಿ ಸಣ್ಣ ಸೋರಿಕೆ ಇದ್ದರೂ ಎಂಜಿನ್‌ನ ಲೆಕ್ಕವೇ ತಪ್ಪುತ್ತದೆ.

ಕೆಲವು ರೂಪಾಯಿಯ ಸೀಲ್, ದೊಡ್ಡ ಅನಾಹುತ

ಹತ್ತಾರು ವರ್ಷ ನಿಂತ ಗಾಡಿಯಲ್ಲಿ ಕ್ರ್ಯಾಂಕ್‌ನ ಎರಡೂ ತುದಿಯ ರಬ್ಬರ್ ಆಯಿಲ್ ಸೀಲ್‌ಗಳು ಒಣಗಿ ಗಟ್ಟಿಯಾಗಿರುತ್ತವೆ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲ್ ಹೀರುತ್ತದೆ. ದಟ್ಟ ಹೊಗೆ ಬರುತ್ತದೆ, ಗೇರ್‌ಬಾಕ್ಸ್‌ನ ಎಣ್ಣೆ ಕಡಿಮೆಯಾಗುತ್ತಾ ಹೋಗುತ್ತದೆ. ಡೈನಮೋ ಕಡೆಯ ಸೀಲ್ ಹೋದರೆ ಹೊಗೆಯೇನೂ ಕಾಣುವುದಿಲ್ಲ, ಆದರೆ ಅಪಾಯ ಹೆಚ್ಚು. ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ವಿಪರೀತ ಕಾಯುತ್ತದೆ, ಪಿಸ್ಟನ್ ಹಿಗ್ಗಿ ಬೋರ್‌ಗೆ ಕಚ್ಚಿಕೊಳ್ಳುತ್ತದೆ. ವೇಗದಲ್ಲಿರುವಾಗ ಹೀಗೆ ಸೀಜ್ ಆದರೆ ಹಿಂದಿನ ಚಕ್ರ ಒಮ್ಮೆಲೇ ಲಾಕ್ ಆಗಿ ಸವಾರ ಬೀಳುತ್ತಾನೆ.

ಹಾಗಾಗಿ ಗಾಡಿ ಒಂದೇ ಕಿಕ್‌ಗೆ ಸ್ಟಾರ್ಟ್ ಆದರೂ ಸೀಲ್‌ಗಳನ್ನು ಬದಲಿಸದೆ ದೂರ ಓಡಿಸಬಾರದು. ಕಿಕ್ಕರ್ ಅಲುಗದಿದ್ದರೆ ಅದರ ಮೇಲೆ ಹತ್ತಿ ತುಳಿಯುವುದು ಬೇಡ. ಪ್ಲಗ್ ಬಿಚ್ಚಿ, ಒಳಗೆ ಡೀಸೆಲ್ ಅಥವಾ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಕೆಲವು ದಿನ ಬಿಡಬೇಕು.

ಬಿಚ್ಚುವುದಕ್ಕೂ ಕ್ರಮವಿದೆ

ಪ್ರತಿ ಭಾಗ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಬೇಕು. ಬೋಲ್ಟ್, ವಾಷರ್‌ಗಳನ್ನು ಭಾಗವಾರು ಕವರ್‌ಗಳಲ್ಲಿ ಹಾಕಿ ಹೆಸರು ಬರೆದಿಡಬೇಕು. ಆರು ತಿಂಗಳ ನಂತರ ಯಾವ ಬೋಲ್ಟ್ ಎಲ್ಲಿಯದೆಂದು ಯಾರಿಗೂ ನೆನಪಿರುವುದಿಲ್ಲ. ಕ್ಲಚ್ ಮತ್ತು ಡೈನಮೋ ತೆಗೆಯಲು ಅದಕ್ಕೆಂದೇ ಇರುವ ಪುಲ್ಲರ್ ಬಳಸಬೇಕು. ಸುತ್ತಿಗೆ ಏಟು ಬಿದ್ದರೆ ಕ್ರ್ಯಾಂಕ್ ವಾಲುತ್ತದೆ, ಅಲ್ಯೂಮಿನಿಯಂ ಕೇಸ್ ಬಿರುಕು ಬಿಡುತ್ತದೆ.

ಎರಡು ಕೆಲಸಗಳನ್ನು ಅನುಭವಿ ಮೆಷಿನ್ ಶಾಪ್‌ಗೇ ಕೊಡಬೇಕು. ಮೊದಲನೆಯದು ಬೋರಿಂಗ್. ಸವೆದ ಸಿಲಿಂಡರನ್ನು 0.25 ಮಿ.ಮೀ. ಹಂತಗಳಲ್ಲಿ ದೊಡ್ಡದು ಮಾಡಿ ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಲಾಗುತ್ತದೆ. ಪಿಸ್ಟನ್ ಕೈಗೆ ಬಂದ ಮೇಲೆಯೇ ಅದರ ಅಳತೆಗೆ ಬೋರ್ ಮಾಡಿಸಬೇಕು. ಎರಡನೆಯದು ಕ್ರ್ಯಾಂಕ್. ಒತ್ತಿ ಜೋಡಿಸಿದ ಭಾಗವಾದ್ದರಿಂದ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಬದಲಿಸಲು ಹೈಡ್ರಾಲಿಕ್ ಪ್ರೆಸ್ ಬೇಕು, ಬಳಿಕ ನೇರ ಕೂರಿಸಲು ಡಯಲ್ ಗೇಜ್ ಬೇಕು.

ಪಿಸ್ಟನ್ ಮರುಜೋಡಿಸುವಾಗ ರಿಂಗ್‌ನ ತುದಿಗಳು ಅದರಲ್ಲಿರುವ ಸಣ್ಣ ಪಿನ್‌ಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ತುದಿಗಳು ಸಿಲಿಂಡರ್‌ನ ಪೋರ್ಟ್‌ಗೆ ಸಿಕ್ಕಿ ರಿಂಗ್ ಮುರಿಯುತ್ತದೆ, ಹೊಸ ಬೋರ್ ಹಾಳಾಗುತ್ತದೆ.

ಟ್ಯಾಂಕ್, ಸೈಲೆನ್ಸರ್, ಕಿಡಿ

ಟ್ಯಾಂಕ್‌ನ ಒಳಗಿನ ತುಕ್ಕು ಕಾರ್ಬ್ಯುರೇಟರ್‌ನ ಜೆಟ್ ಕಟ್ಟಿಸುತ್ತದೆ. ಟ್ಯಾಂಕ್‌ಗೆ ವಿನೆಗರ್ ತುಂಬಿ ಒಂದೆರಡು ದಿನ ಬಿಟ್ಟು, ಅಡುಗೆ ಸೋಡಾ ನೀರಿನಿಂದ ತೊಳೆದು, ಕೂಡಲೇ ಪೂರ್ತಿ ಒಣಗಿಸುವುದು ಸುಲಭದ ದಾರಿ. ಖಾಲಿ ಟ್ಯಾಂಕ್‌ನಲ್ಲೂ ಪೆಟ್ರೋಲ್ ಆವಿ ಇರುತ್ತದೆ. ಅದಕ್ಕೆ ವೆಲ್ಡಿಂಗ್ ಮಾಡುವ ಸಾಹಸ ಮನೆಯಲ್ಲಿ ಬೇಡ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪ್, ಕಾರ್ಕ್ ವಾಷರ್‌ಗಳು ಬೇಗ ಕೆಡುತ್ತವೆ. ಅವನ್ನೂ ಬದಲಿಸಬೇಕು. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಪೆಟ್ರೋಲ್ ಖಾಲಿ ಮಾಡಿಡುವುದು ಕ್ಷೇಮ.

ಸೈಲೆನ್ಸರ್‌ನ ಒಳಕೊಳವೆ ಮತ್ತು ಎಕ್ಸಾಸ್ಟ್ ಪೋರ್ಟ್‌ನಲ್ಲಿ ಕಪ್ಪು ಕಿಟ್ಟ ಕಟ್ಟಿರುತ್ತದೆ. ಗಾಡಿ ಎಳೆಯುತ್ತಿಲ್ಲ ಎಂಬ ದೂರಿಗೆ ಅನೇಕ ಬಾರಿ ಇದೇ ಕಾರಣ. ಪಾಯಿಂಟ್ ಇರುವ ಮಾದರಿಗಳಲ್ಲಿ ಗ್ಯಾಪ್ ಸುಮಾರು 0.4 ಮಿ.ಮೀ. ಇಟ್ಟು, ನಂತರ ಟೈಮಿಂಗ್ ಅನ್ನು ಆಯಾ ಮಾದರಿಯ ಮ್ಯಾನ್ಯುಯಲ್ ಪ್ರಕಾರ ಹೊಂದಿಸಬೇಕು. ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುವುದರಿಂದ ಈ ಕ್ರಮ ತಪ್ಪಬಾರದು.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್‌ಬಾಗ್, ಪುಣೆಯ ನಾನಾ ಪೇಠ್ ಹಳೆಯ ಹೆಸರುವಾಸಿ ಮಾರುಕಟ್ಟೆಗಳು. ಹೊಸ ಭಾಗ ಕೈಗೆ ಬಂದು, ಕೂರಿಸಿ ನೋಡುವ ತನಕ ಹಳೆಯದನ್ನು ಗುಜರಿಗೆ ಹಾಕಬಾರದು. ನಕಲಿ ಭಾಗಕ್ಕಿಂತ ಸವೆದ ಅಸಲಿ ಭಾಗವನ್ನು ಸರಿಪಡಿಸಿಕೊಳ್ಳುವುದೇ ಎಷ್ಟೋ ಸಲ ಮೇಲು. ಬಣ್ಣದ ವಿಷಯದಲ್ಲೂ ಅಷ್ಟೇ. ಮೂಲ ಬಣ್ಣ, ಕೈಯಲ್ಲಿ ಎಳೆದ ಗೆರೆಗಳು ತಕ್ಕಮಟ್ಟಿಗೆ ಉಳಿದಿದ್ದರೆ ತೊಳೆದು ಹಾಗೇ ಬಿಡಬಹುದು. ಒಮ್ಮೆ ಉಜ್ಜಿ ತೆಗೆದ ಮೇಲೆ ಅದು ಮರಳಿ ಬರುವುದಿಲ್ಲ.

ರಸ್ತೆಗಿಳಿದ ಮೇಲೆ

1:25 ಪ್ರಮಾಣವೆಂದರೆ ಲೀಟರ್ ಪೆಟ್ರೋಲ್‌ಗೆ 40 ಮಿ.ಲೀ. 2ಟಿ ಎಣ್ಣೆ. ತಮ್ಮ ಮಾದರಿಗೆ ಎಷ್ಟು ಬೇಕೆಂದು ಮ್ಯಾನ್ಯುಯಲ್ ನೋಡಿ ಅಳೆದೇ ಹಾಕಬೇಕು. ಹೊಸ ಬೋರ್ ಹೊಂದಿಕೊಳ್ಳುವವರೆಗೆ ನೂರಾರು ಕಿ.ಮೀ. ನಿಧಾನವಾಗಿ, ಆಗಾಗ ತಣಿಯಲು ಬಿಟ್ಟು ಓಡಿಸಬೇಕು.

ಇನ್ನೊಂದು ಎಚ್ಚರಿಕೆ ಘಾಟ್ ಇಳಿಯುವವರಿಗೆ. ಎಣ್ಣೆ ಬರುವುದು ಪೆಟ್ರೋಲ್ ಜೊತೆಗೆ. ಇಳಿಜಾರಿನಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರ್‌ನಲ್ಲೇ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಸಿಗುವುದಿಲ್ಲ. ಆಗಾಗ ಸ್ವಲ್ಪ ಆ್ಯಕ್ಸಿಲರೇಟರ್ ಕೊಡುತ್ತಿರಬೇಕು. ಎಂಜಿನ್ ಸದ್ದು ಇದ್ದಕ್ಕಿದ್ದಂತೆ ಬಿಗಿಯಾಗಿ ವೇಗ ಕುಗ್ಗತೊಡಗಿದರೆ ತಕ್ಷಣ ಕ್ಲಚ್ ಹಿಡಿದು ಬದಿಗೆ ನಿಲ್ಲಿಸಬೇಕು. ಹಳೆಯ ಟು-ಸ್ಟ್ರೋಕ್ ಓಡಿಸುವವರ ಎಡಗೈಯ ಬೆರಳು ಸದಾ ಕ್ಲಚ್ ಲಿವರ್ ಮೇಲಿರುವುದು ಇದೇ ಕಾರಣಕ್ಕೆ.